ಹನ್ನೊಂದು ಗಂಟೆಗೆ ಹೋಗುವ ಕರೆಂಟು

ಹಂಗಾರಕಟ್ಟೆಯ ಕುಷ್ಟ ನಲವತ್ತು ವರ್ಷ ಮೀನಿನ ಬೋಟು ನಡೆಸಿದ ತಾಂಡೇಲ. ಬೋಟಿನಲ್ಲಿ ತಾಂಡೇಲ ಹೇಳಿದ್ದೇ ವೇದ. ಅವನು ಬಲೆ ಬಿಡು ಅಂದರೆ ಬಿಡಬೇಕು, ಎಳೆ ಅಂದರೆ ಎಳೆಯಬೇಕು, ಬಾಯಿ ಮುಚ್ಚು ಅಂದರೆ ಮುಚ್ಚಬೇಕು. ಅಂಥ ಮನುಷ್ಯ ಅರವತ್ತಮೂರನೆಯ ವಯಸ್ಸಿನಲ್ಲಿ ಮೂಸಂಬಿ ಗಾತ್ರದ ಒಂದು ಕ್ಯಾಮೆರಾಕ್ಕೆ ಹೆದರಿ ತನ್ನದೇ ಹಿತ್ತಲಲ್ಲಿ ಗೋಡೆ ಹಿಡಿದು ನಡೆಯುವಂತಾಯಿತು. ಇದಕ್ಕೆಲ್ಲ ಕಾರಣ ಒಣಮೀನು.

ಹೋದ ದೀಪಾವಳಿ ಕಳೆದ ವಾರ ಅವನಿಗೆ ಎದೆ ಹಿಡಿದುಕೊಂಡು, ಆಸ್ಪತ್ರೆಯವರು ಒಳಗೊಂದು ಸ್ಪ್ರಿಂಗು ಇಟ್ಟು ಮನೆಗೆ ಕಳಿಸಿದ್ದರು. ಬೀಡಿ ಬಿಡಿ ಎಂದರು ಡಾಕ್ಟರು, ಬಿಟ್ಟ. ಸಂಜೆಯದ್ದನ್ನು ಬಿಡಿ ಎಂದರು, ಬೈದುಕೊಳ್ಳುತ್ತ ಅದನ್ನೂ ಬಿಟ್ಟ. ಉಪ್ಪು ಬಹಳ ಕಡಿಮೆ ಮಾಡಬೇಕು, ಒಣಮೀನನ್ನಂತೂ ಕಣ್ಣೆತ್ತಿ ನೋಡಬಾರದು ಎಂದಾಗ ಮಾತ್ರ ಕುಷ್ಟನಿಗೆ ಆ ಡಾಕ್ಟರ ಓದಿನ ಬಗ್ಗೆಯೇ ಸಂಶಯ ಬಂತು.

ನೋಡದೆ ಇರುವುದಾದರೂ ಹೇಗೆ? ಅವನ ಹೆಂಡತಿ ಗಿರಿಜಾಳ ಉದ್ಯೋಗವೇ ಒಣಮೀನು. ಅಂಗಳದಲ್ಲಿ ಬಲೆ ಹಾಸಿ ಬಂಗುಡೆ, ಹಿತ್ತಲ ತಟ್ಟಿಯ ಮೇಲೆ ಸಿಗಡಿ, ಹಿಂದಿನ ಶೆಡ್ಡಿನೊಳಗೆ ಬುಟ್ಟಿ ಬುಟ್ಟಿ ಒಣಗಿ ತಯಾರಾದ ಮಾಲು. ಸಾಲಿಗ್ರಾಮದಿಂದ ಬಾರ್ಕೂರಿನ ತನಕ ಮಳೆಗಾಲಕ್ಕೆ ಅವಳ ಬಂಗುಡೆಗೆ ಕಾದು ಕೂತ ಮನೆಗಳಿದ್ದವು. ಇಂಥ ಮನೆಯೊಳಗೆ ಕುಷ್ಟನನ್ನು ಕೂರಿಸಿ ಒಣಮೀನು ಮುಟ್ಟಬೇಡ ಎನ್ನುವುದು ಬೆಕ್ಕಿಗೆ ಏಕಾದಶಿ ಹೇಳಿಕೊಟ್ಟ ಹಾಗೆ.

ಗಿರಿಜಾ ಮೊದಲ ತಿಂಗಳು ಶ್ರದ್ಧೆಯಿಂದ ಉಪ್ಪಿಲ್ಲದ ಅಡುಗೆ ಮಾಡಿದಳು. ಕುಷ್ಟ ಒಂದು ತುತ್ತು ಉಂಡು ತಟ್ಟೆ ದೂಡಿದ.

"ಇದ್ ಮೀನ್ ಸಾರಾ, ಮೀನ್ ಮಿಂದ್ ಹೋದ್ ನೀರಾ?"

"ಡಾಕ್ಟ್ರ್ ಹೇಳದ್ ಹಂಗೇ ಮಾಡದ್ದ್."

"ಹಂಗಾರೆ ಡಾಕ್ಟ್ರಿಗೇ ಬಡ್ಸ್."

ಗಿರಿಜಾ ಮಾತಿಗೆ ಮಾತು ಬೆಳೆಸುವವಳಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕುಷ್ಟ ಆ ದಿನ ಗಂಜಿಯ ತಿಳಿಯಷ್ಟೇ ಕುಡಿದು, ತಾನು ಗೆದ್ದೆ ಎಂದು ತಿಳಿದು ಮಲಗಿದ. ಹೀಗೆ ಒಂದು ತಿಂಗಳು ಗೆದ್ದು ಗೆದ್ದು ಅವನ ಅಂಗಿಯ ಕುತ್ತಿಗೆ ಸಡಿಲಾಯಿತು.

ಆಮೇಲೆ ಒಂದು ದಿನ ಮಗಳು ಶ್ರೀಲತಾ ಬಂದಾಗ, ಅವನು ಶೆಡ್ಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಂಗುಡೆಯ ತಲೆ ಚೀಪುತ್ತಿದ್ದ. ಶ್ರೀಲತಾ ಬ್ರಹ್ಮಾವರದಲ್ಲಿ ಒಂದು ಸೊಸೈಟಿಯ ಗುಮಾಸ್ತೆ, ಅವನ ಒಬ್ಬಳೇ ಮಗಳು. ಸ್ವಭಾವದಲ್ಲಿ ಅವಳೂ ತಾಂಡೇಲನೇ. ಅವಳ ಗಂಡ ಅಜಿತನಿಗೆ ಬ್ರಹ್ಮಾವರ ಪೇಟೆಯಲ್ಲಿ ಮೊಬೈಲಿನ ಅಂಗಡಿ. ಲೋಕದ ಯಾವ ಕಷ್ಟಕ್ಕೂ ತನ್ನ ಅಂಗಡಿಯ ಕಪಾಟಿನಲ್ಲಿ ಒಂದು ಡಬ್ಬಿ ಇದೆ ಎಂದು ನಂಬಿದವನು. ಮುಂದಿನ ಆದಿತ್ಯವಾರವೇ ಗಂಡಹೆಂಡತಿ ಬಂದು ಶೆಡ್ಡಿನ ಮೂಲೆಗೆ ಕ್ಯಾಮೆರಾ ಬಿಗಿದರು. ಅದರ ಹೊಟ್ಟೆಯೊಳಗೇ ಬ್ಯಾಟರಿ, ಮನೆಯ ವೈಫೈ ಗಾಳಿಯಲ್ಲೇ ನೆಟ್ಟು. ಶೆಡ್ಡಿನೊಳಗೆ ಯಾರಾದರೂ ಕಾಲಿಟ್ಟರೆ ಬ್ರಹ್ಮಾವರದಲ್ಲಿ ಶ್ರೀಲತಾಳ ಮೇಜಿನ ಮೇಲೆ ಫೋನು ಕುಂಯ್ ಎನ್ನುತ್ತಿತ್ತು. ಅವಳು ಅಲ್ಲಿಂದಲೇ ನೋಡಬಹುದು, ಅಲ್ಲಿಂದಲೇ ಮಾತಾಡಬಹುದು.

ಇದು ಕುಷ್ಟನಿಗೆ ಯಾರೂ ಹೇಳಿರಲಿಲ್ಲ. ಮರುದಿನ ಶೆಡ್ಡಿನ ಕತ್ತಲೆಯೊಳಗಿಂದ "ಅಪ್ಪಯ್ಯ" ಎಂದು ದನಿ ಬಂದಾಗ, ಮನೆಯ ದೈವವೇ ಮಾತಾಡಿತೆಂದು ಕೈ ಮುಗಿದ. ದೈವ, "ಕೈಯಗಿಪ್ಪ ಬಂಗುಡೆ ಕೆಳಗ್ ಇಡಿ" ಎಂದಿತು. ದೈವಗಳು ಕೋಳಿ ಕೇಳುವುದನ್ನು ಕುಷ್ಟ ಕಂಡಿದ್ದ. ಬಂಗುಡೆ ಇಡು ಎಂದ ದೈವವನ್ನು ಅವನಜ್ಜನೂ ಕಂಡಿರಲಿಲ್ಲ. ತಲೆ ಎತ್ತಿ ನೋಡಿದಾಗ ಮೂಲೆಯಲ್ಲಿ ನೀಲಿ ದೀಪದ ಒಂದು ಗುಂಡು ಅವನನ್ನೇ ದಿಟ್ಟಿಸುತ್ತಿತ್ತು.

ನಾಲ್ಕು ಸಲ ಹೋದ, ನಾಲ್ಕು ಸಲವೂ ದೈವ ಬೈದಿತು. ಐದನೆಯ ದಿನ ಒಂದು ವಿಶೇಷ ನಡೆಯಿತು. ಕುಷ್ಟ ಶೆಡ್ಡಿನ ಹೊಸ್ತಿಲು ದಾಟುವ ಹೊತ್ತಿಗೆ, ಪಕ್ಕದ ಐಸ್ ಪ್ಲಾಂಟಿನ ದೊಡ್ಡ ಮೋಟಾರು ಶುರುವಾಯಿತು. ಅದು ಶುರುವಾದರೆ ಆ ಸಾಲಿನ ಮನೆಗಳಲ್ಲಿ ಕರೆಂಟು ಒಮ್ಮೆ ಹೋಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬರುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಕುಷ್ಟ ಬುಟ್ಟಿಗೆ ಕೈ ಹಾಕಿ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ನೀಲಿ ದೀಪ ಕೆಂಪಾಗಿತ್ತು. ಅವನು ಒಂದು ಬಂಗುಡೆ ಎತ್ತಿಕೊಂಡು ಮರ್ಯಾದೆಯಿಂದ ಹೊರಗೆ ನಡೆದು ಬಂದ.

ಸಂಜೆ ಅಜಿತನಿಗೆ ತಾನಾಗಿಯೇ ಫೋನು ಮಾಡಿದ. ಮಾವ ಫೋನು ಮಾಡಿದ್ದೇ ಅಜಿತನಿಗೆ ದೊಡ್ಡ ಗೌರವ.

"ಅಲ್ಲ ಅಜಿತಾ, ನಮ್ಮನಿಯಗೆ ಇನ್ವರ್ಟರ್ ಇತ್ತಲೆ. ಆರೂ ಕರೆಂಟ್ ಹೋದ್ರೆ ಈ ನೆಟ್ ಎಂತಕ್ಕೆ ಹೋತ್ತ್?"

"ಅದ್ ಹೌದ್ ಮಾವ. ಕರೆಂಟ್ ಹೋಯ್ ಇನ್ವರ್ಟರ್ ಹಿಡ್ಕಂಬುಕೆ ಒಂಚೂರ್ ಹೊತ್ತ್ ಬೇಕ್. ಫ್ಯಾನಿಗೆ, ಲೈಟಿಗೆ ಅದ್ ಗೊತ್ತೇ ಆತಿಲ್ಲೆ. ನೆಟ್ಟಿನ್ ಪೆಟ್ಟಿಗಿಗ್ ಅಷ್ಟೇ ಸಾಕ್, ತಲೆ ತಿರ್ಗಿ ಬೀಳತ್ತ್. ಮತ್ತೆ ಏಳುಕೆ ನಾಲ್ಕ್ ನಿಮಿಷ ಬೇಕ್."

"ಹೌದಾ," ಎಂದ ಕುಷ್ಟ, ಪಾಪದವನ ಹಾಗೆ. "ಪಾಪದ್ದ್ ಅದ್."

ಕಡಲಿನಲ್ಲಿ ಗಾಳಿಯ ಮೇಲೆ ಬದುಕಿದವನಿಗೆ ಇಷ್ಟು ಸುಳಿವು ಸಾಕು. ಐಸ್ ಪ್ಲಾಂಟಿಗೆ ಕಾಯುತ್ತ ಕೂತರೆ ಆಗುವುದಿಲ್ಲ, ಅದರ ಹೊತ್ತು ಗೊತ್ತಿಲ್ಲ. ಆದರೆ ಮನೆಯ ಮೈನ್ ಸ್ವಿಚ್ಚು ಹಿಂದಿನ ಗೋಡೆಯಲ್ಲಿ, ಬಚ್ಚಲಿನ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಗಿರಿಜಾ ತಲೆಯ ಮೇಲೆ ಬುಟ್ಟಿ ಹೊತ್ತು ಕಟ್ಟೆಯ ಕಡೆ ಹೋಗುತ್ತಾಳೆ, ಮುಕ್ಕಾಲು ಗಂಟೆ ಬರುವುದಿಲ್ಲ. ಅವಳ ಬೆನ್ನು ತಿರುವಿನಲ್ಲಿ ಮರೆಯಾದ ಕೂಡಲೇ ಕುಷ್ಟ ಸ್ವಿಚ್ಚು ಕೆಳಗೆ ಎಳೆದು, ಒಂದು ಎರಡು ಎಂದು ಎಣಿಸಿ, ಮೇಲೆ ದೂಡುತ್ತಿದ್ದ. ಶೆಡ್ಡಿನೊಳಗೆ ನುಗ್ಗಿ, ಬಾಗಿಲ ಹತ್ತಿರದ ಬುಟ್ಟಿಯಿಂದ ಒಂದೇ ಒಂದು ಬಂಗುಡೆ ತೆಗೆದು, ಬಚ್ಚಲ ಒಲೆಯ ಕೆಂಡಕ್ಕೆ ಎಸೆದು, ಸುಟ್ಟು, ಗಂಜಿಯ ಜೊತೆ ಮುಳ್ಳೂ ಬಿಡದೆ ಮುಗಿಸುತ್ತಿದ್ದ. ವಾಸನೆಯ ಹೆದರಿಕೆಯಿರಲಿಲ್ಲ. ಮೀನಿನ ಮನೆಯಲ್ಲಿ ಮೀನಿನ ವಾಸನೆ ಸಾಕ್ಷಿ ಹೇಳುವುದಿಲ್ಲ.

ಅವನ ಮುಖಕ್ಕೆ ಬಣ್ಣ ಬಂತು. ಗಂಜಿ ಎರಡು ಬಟ್ಟಲಾಯಿತು. ಶ್ರೀಲತಾ ಬಂದಾಗ, "ಉಪ್ಪ್ ಬಿಟ್ಟದ್ದ್ ಒಳ್ಳೇದ್ ಆಯ್ತ್ ಕಾಣಿ" ಎಂದಳು. "ಹೌದ್ ಮಗಾ, ನಾಲ್ಗೆ ಹಿಡ್ತಕ್ಕೆ ಬಂದ್ರೆ ಎಲ್ಲ ಬಂತ್" ಎಂದು ಕುಷ್ಟ ಹರಿಕಥೆ ದಾಸರ ಗತ್ತಿನಲ್ಲಿ ಹೇಳಿದ. ಅಡುಗೆಮನೆಯಲ್ಲಿ ಗಿರಿಜಾ ಯಾಕೋ ಕೆಮ್ಮಿದಳು.

ಸುಖದ ಬೆನ್ನಿಗೆ ಒಂದು ಸಂಕಟವೂ ಬಂತು. ಎರಡು ವಾರ ಕಳೆಯುವ ಹೊತ್ತಿಗೆ ಮೀನಿಗೆ ಉಪ್ಪು ಸಾಲದು ಅನ್ನಿಸತೊಡಗಿತು. ಮೊದಲು ತನ್ನ ನಾಲಿಗೆಯನ್ನೇ ಬೈದ. ಮೂರನೆಯ ವಾರ ಸಂಶಯ ಉಳಿಯಲಿಲ್ಲ. ಬಂಗುಡೆ ಚೆನ್ನಾಗಿ ಒಣಗಿದೆ, ಮಾಂಸ ಗಟ್ಟಿಯಿದೆ, ಉಪ್ಪು ಮಾತ್ರ ಹೆಸರಿಗೆ. ಗಿರಿಜಾ ಉಪ್ಪಿನಲ್ಲಿ ಕೈ ಹಿಡಿಯುತ್ತಿದ್ದಾಳೆ. ಇಪ್ಪತ್ತು ವರ್ಷ ಕಟ್ಟಿದ ಹೆಸರು ಒಂದು ಮಳೆಗಾಲದಲ್ಲಿ ಮಣ್ಣುಪಾಲಾಗುತ್ತದೆ. ಉಪ್ಪು ಸಾಲದ ಮೀನು ಆಷಾಢದಲ್ಲಿ ಹುಳ ಬೀಳುತ್ತದೆ, ಕೊಂಡವರು ಮನೆಯ ಬಾಗಿಲಿಗೆ ತಂದು ಸುರಿಯುತ್ತಾರೆ. ಇದನ್ನು ಹೆಂಡತಿಗೆ ಹೇಳಲೇಬೇಕು. ಹೇಳುವುದು ಹೇಗೆ? ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಿದರೆ ಮುಗಿಯಿತು. ಕುಷ್ಟನಿಗೆ ನಿಜವಾಗಿಯೂ ನಿದ್ದೆ ಬರಲಿಲ್ಲ. ಗಿರಿಜಾಳ ಹೆಸರು ಕೆಡುವುದನ್ನು ಅವನ ಕೈಯಲ್ಲಿ ನೋಡಲಾಗುತ್ತಿರಲಿಲ್ಲ, ಅದಕ್ಕಾಗಿ ಆ ಹನ್ನೊಂದು ಗಂಟೆಯನ್ನು ಬಿಟ್ಟುಕೊಡಲೂ ಆಗುತ್ತಿರಲಿಲ್ಲ.

ಕೊನೆಗೆ ಸುತ್ತು ದಾರಿ ಹಿಡಿದ.

"ಹೆಣ್ಣೇ, ಈ ಸಲ ಉಪ್ಪ್ ಎಲ್ಲಿಂದ ತಂದದ್ದ್?"

"ಯಾವತ್ತಿನ್ ಅಂಗ್ಡಿಯಿಂದ್ಲೇ."

"ಉಪ್ಪಂಗೆ ಖಾರ ಇತ್ತಾ? ಈಗಿನ್ ಉಪ್ಪಿಗೆ ಶಕ್ತಿ ಇಲ್ಲೆ ಅಂಬ್ರ್."

"ಉಪ್ಪ್ ಬಿಟ್ಟವ್ರಿಗೆ ಉಪ್ಪಿನ್ ಉಸಾಬರಿ ಎಂತಕ್ಕೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕುಷ್ಟ ಮೀಸೆ ಒರೆಸಿಕೊಂಡ.

ಅದೇ ವಾರ ಹಳೇ ಜೊತೆಗಾರ ದುಗ್ಗಪ್ಪ ಬಂದು ಜಗಲಿಯಲ್ಲಿ ಕೂತ. ಬೋಟಿನಲ್ಲಿ ಕುಷ್ಟನ ಕೈಕೆಳಗೆ ಬಲೆ ಎಳೆದವನು, ಈಗ ಬಲೆ ಹೊಲಿಯುತ್ತಾನೆ. "ಗಿರಿಜಕ್ಕನ್ ಈ ವರ್ಷದ್ ಬಂಗುಡೆ ಅಂದ್ರೆ ಬಂಗುಡೆ ಮಾರಾಯ, ಉಪ್ಪ್ ಹಿಡ್ದದ್ದ್ ಕಾಣ್ಕ್" ಎಂದ. ಕುಷ್ಟ ಅವನನ್ನು ಕನಿಕರದಿಂದ ನೋಡಿದ. ಹೊಗೆಸೊಪ್ಪು ಜಗಿದು ಜಗಿದು ಪಾಪ ನಾಲಿಗೆ ಸತ್ತೇ ಹೋಗಿದೆ ಎಂದುಕೊಂಡ.

ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು. ಕೆಲವು ದಿನ ಕುಷ್ಟನಿಗೆ ಮಂಡಿ ನೋಯುತ್ತಿತ್ತು, ಸ್ವಿಚ್ಚಿನ ತನಕ ಹೋಗಲು ಬೇಸರ. ಇನ್ನು ಕೆಲವು ದಿನ, ಎದೆಯೊಳಗಿನ ಸ್ಪ್ರಿಂಗು ನೆನಪಾಗಿ, ಇವತ್ತು ಬೇಡ ಎಂದು ಜಗಲಿಯಲ್ಲೇ ಕೂರುತ್ತಿದ್ದ. ಅಂಥ ದಿನಗಳಲ್ಲೂ ಹನ್ನೊಂದಕ್ಕೆ ಸರಿಯಾಗಿ ಫ್ಯಾನು ಒಮ್ಮೆ ಸುಸ್ತಾಗಿ ಮತ್ತೆ ತಿರುಗುತ್ತಿತ್ತು. ಗಿರಿಜಾ ಬುಟ್ಟಿ ಹೊತ್ತು ಹಿತ್ತಲ ಕಡೆಯಿಂದ ಬಂದು ಹೊರಗೆ ಹೋಗುತ್ತಿದ್ದಳು. ದೇವರು ದೊಡ್ಡವನು, ಐಸ್ ಪ್ಲಾಂಟು ಅವನಿಗಿಂತ ದೊಡ್ಡದು ಎಂದುಕೊಂಡು ಕುಷ್ಟ ಎದ್ದು ನಡೆಯುತ್ತಿದ್ದ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗದೆ ಇರುತ್ತದೆಯೇ? ಫೆಬ್ರವರಿ ಮುಗಿಯುವಷ್ಟರಲ್ಲಿ ಶ್ರೀಲತಾಳಿಗೆ ತಲೆ ಕೆಟ್ಟಿತು. ಗುಮಾಸ್ತೆಯ ಕಣ್ಣು ಅವಳದು.

"ದಿನಾ ಹನ್ನೊಂದಕ್ಕೇ ನೆಟ್ ಹೋಪುದ್ ಹ್ಯಾಂಗೆ ಅಮ್ಮ?"

ಗಿರಿಜಾ ಸಿಗಡಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಐಸ್ ಪ್ಲಾಂಟಿನವ್ರ್ ಮೋಟಾರ್ ಹಾಕ್ತ್ರ್. ನಾಲ್ಕ್ ನಿಮಿಷ ಅಲ್ದಾ, ಹೋಯ್ಲಿ ಬಿಡ್."

ಶ್ರೀಲತಾ ಬಿಡುವವಳಲ್ಲ. ಆದಿತ್ಯವಾರ ಅಜಿತ ಅಂಗೈ ಅಗಲದ ಬಿಳಿ ಡಬ್ಬಿ ಹಿಡಿದು ಬಂದ. ಅದರೊಳಗೆ ಬ್ಯಾಟರಿ. ಕರೆಂಟಿನ ತಂತಿ ಡಬ್ಬಿಗೆ, ಡಬ್ಬಿಯ ತಂತಿ ನೆಟ್ಟಿನ ಪೆಟ್ಟಿಗೆಗೆ. ಕರೆಂಟು ಇರಲಿ ಹೋಗಲಿ, ಪೆಟ್ಟಿಗೆಗೆ ಡಬ್ಬಿಯಿಂದಲೇ ಊಟ. ಅಜಿತ ಎರಡು ಕೊಂಬಿನ ವೈಫೈ ಪೆಟ್ಟಿಗೆಗೆ ಅದನ್ನು ಜೋಡಿಸಿ, ತಾನೇ ಹೋಗಿ ಮೈನ್ ಎಳೆದು ದೂಡಿ, ಓಡಿ ಬಂದು ನೋಡಿದ.

"ಕಾಣಿ ಮಾವ, ಕಣ್ಣೇ ಮಿಟುಕ್ಸಿಲ್ಲೆ."

ಹೆಣದ ಮುಂದೆ ಕೂತವನ ಹಾಗೆ ಕುಷ್ಟ ಆ ಹಸಿರು ದೀಪಗಳನ್ನು ನೋಡಿದ. "ಇದೆಲ್ಲ ಎಂತಕ್ಕೆ ಅಜಿತಾ, ಸುಮ್ನೆ ದಂಡ" ಎಂದಳು ಗಿರಿಜಾ. ಹೆಂಡತಿಯ ಈ ಕೈಬಿಗಿತ ಕುಷ್ಟನಿಗೆ ಜೀವನದಲ್ಲಿ ಮೊದಲ ಸಲ ಹಿತವೆನಿಸಿತು.

ಮರುದಿನ ಹನ್ನೊಂದಕ್ಕೆ, ಆಸೆ ಸಾಯದೆ, ಮೈನ್ ಎಳೆದು ದೂಡಿದ. ಕೈಯಲ್ಲಿ ಪೊರಕೆ ಹಿಡಿದು, ಗುಡಿಸಲು ಬಂದೆ ಎಂಬ ಮಾತನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡು ಶೆಡ್ಡಿಗೆ ಕಾಲಿಟ್ಟ. ದನಿಯಿಲ್ಲ. ಕೆಮ್ಮಿದ. ಪೊರಕೆ ಆಡಿಸಿದ. ಕ್ಯಾಮೆರಾಕ್ಕೆ ನಾಲಿಗೆಯನ್ನೂ ತೋರಿಸಿದ. ಏನೂ ಇಲ್ಲ. ಒಳಗೆ ಬಂದು ನೋಡಿದರೆ ಕೊಂಬಿನ ಪೆಟ್ಟಿಗೆ ಹಸಿರಾಗಿಯೇ ನಿಂತಿತ್ತು. ಅದರ ಮೇಲೆ, ಗೋಡೆಯಲ್ಲಿ, ಹೊರಗಿನಿಂದ ನೆಟ್ಟು ತರುವ ತಂತಿಯನ್ನು ಕಚ್ಚಿಕೊಂಡ ಇನ್ನೊಂದು ಪುಟ್ಟ ಪೆಟ್ಟಿಗೆ ಮಾತ್ರ ಕೆಂಪು ಕೆಂಪಾಗಿ ಒದ್ದಾಡುತ್ತಿತ್ತು. ಅದರ ಕಡೆ ಅಜಿತ ತಿರುಗಿಯೂ ನೋಡಿರಲಿಲ್ಲ. ಕುಷ್ಟ ಅಳಿಯನನ್ನು ಮನಸಾರೆ ಹರಸಿ ಬಚ್ಚಲ ಒಲೆಯ ಕಡೆ ಹೋದ.

ಆ ಹರಕೆ ಒಂದು ವಾರ ಬಾಳಿತು. ಮುಂದಿನ ಆದಿತ್ಯವಾರ ಅಜಿತ ಹಣೆ ಬಡಿದುಕೊಂಡ. "ಪೋಸ್ಟ್‌ಮ್ಯಾನ್ ಎಚ್ಚರ ಇದ್ದ ಮಾವ, ಪೋಸ್ಟಾಫೀಸೇ ಮಲ್ಗಿತ್ತ್" ಎಂದು, ಎರಡು ಬಾಲದ ಇನ್ನೊಂದು ಡಬ್ಬಿ ತಂದು ಎರಡೂ ಪೆಟ್ಟಿಗೆಗೆ ಸಿಕ್ಕಿಸಿದ. ಈ ಸಲ ಮೈನ್ ಎಳೆದು ಹತ್ತು ನಿಮಿಷ ಹಾಗೇ ಬಿಟ್ಟರು. ಶ್ರೀಲತಾ ಫೋನಿನಲ್ಲಿ ಶೆಡ್ಡನ್ನು ನೋಡುತ್ತ ಕೂತಳು. ಹತ್ತು ನಿಮಿಷವೂ ಶೆಡ್ಡು ಅವಳ ಅಂಗೈಯಲ್ಲೇ ಇತ್ತು.

ಬುದ್ಧಿಯಿದ್ದವನಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ಕುಷ್ಟ ಸೋಮವಾರ ಹನ್ನೊಂದಕ್ಕೆ ಮೈನ್ ಎಳೆದು ದೂಡಿದ. ಹೋದ ವಾರವೂ ಹೀಗೇ ಬಡಾಯಿ ಕೊಚ್ಚಿದ್ದರಲ್ಲ ಎಂಬ ಧೈರ್ಯ. ಬುಟ್ಟಿಗೆ ಕೈ ಹಾಕಿ ಬಂಗುಡೆಯ ಬಾಲ ಹಿಡಿದ ಹೊತ್ತಿಗೆ ಮೂಲೆಯ ದನಿ ಬಂತು. ಈ ಸಲ ಅದು ಬೈಯಲಿಲ್ಲ.

"ಅಪ್ಪಯ್ಯ," ಎಂದಿತು, ಅಷ್ಟೇ. ಸ್ವಲ್ಪ ತಡೆದು, "ಸಂಜಿಗ್ ಬತ್ತೆ" ಎಂದಿತು.

ಸಂಜೆ ಜಗಲಿಯಲ್ಲಿ ವಿಚಾರಣೆ. ಕುಷ್ಟ ಬೆಂಚಿನ ಮೇಲೆ, ಶ್ರೀಲತಾ ಎದುರಿಗೆ, ಅಜಿತ ತನ್ನ ಡಬ್ಬಿ ಗೆದ್ದ ಖುಷಿಯನ್ನು ಮುಖದಲ್ಲಿ ತೋರಿಸದಿರಲು ಕಷ್ಟಪಡುತ್ತ ಕಂಬಕ್ಕೆ ಒರಗಿದ್ದ.

"ಎಷ್ಟ್ ದಿನದಿಂದ ತಿಂತಿದ್ರಿ?"

"ಇವತ್ತೊಂದೇ ದಿನ."

ಅಡುಗೆಮನೆಯಲ್ಲಿ ಮತ್ತೆ ಅದೇ ಕೆಮ್ಮು.

"ದಿನಾ ಹನ್ನೊಂದಕ್ಕೆ ಕರೆಂಟ್ ತೆಗ್ದದ್ ನೀವೇ ಅಲ್ದಾ?"

ಶ್ರೀಲತಾ ಜೋರು ಮಾಡುತ್ತಾಳೆ ಎಂದು ಕುಷ್ಟ ಕಾದಿದ್ದ. ಅವಳು ಅಳಲಿಕ್ಕೆ ಶುರು ಮಾಡಿದಳು.

"ಆಸ್ಪತ್ರಿಯಂಗೆ ನಿಮ್ಮನ್ ಒಳಗ್ ಕರ್ಕಂಡ್ ಹೋದ್ರ್. ನಾ ಹೊರಗ್ ಕೂಕಂಡ್ ನಿಮ್ ಚಪ್ಪಲಿ ಕೈಯಂಗೆ ಹಿಡ್ಕಂಡಿದ್ದೆ. ಮೂರ್ ಗಂಟೆ. ನೀವ್ ಸತ್ರೆ ನಾ ಯಾರಿಗ್ ಬೈಲಿ ಅಪ್ಪಯ್ಯ?"

ಆ ಮಾತು ಅವನ ಎದೆಗೆ ನಾಟಿತು. ತನ್ನ ಹಳೇ ಚಪ್ಪಲಿ ಮಗಳ ಕೈಯಲ್ಲಿ ಮೂರು ಗಂಟೆ ಇತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ತಪ್ಪಾಯಿತು ಎಂದುಬಿಡಬೇಕಿತ್ತು, ಅನ್ನಬೇಕೆಂದೂ ಇತ್ತು. ಆದರೆ ನಲವತ್ತು ವರ್ಷ ತಪ್ಪಾಯಿತು ಎನ್ನದ ಬಾಯಿ ಇನ್ನೊಂದು ದಾರಿ ಹಿಡಿಯಿತು.

"ಸಾಯುಕೆ ಆ ಮೀನಂಗೆ ಉಪ್ಪಾರೂ ಇರ್ಕಲ್ದಾ?" ಎಂದು ಸಿಡಿದ. "ಎರಡ್ ತಿಂಗ್ಳಿಂದ ಕಾಣ್ತಿದ್ದೆ. ಸಪ್ಪೆ ಅಂದ್ರೆ ಸಪ್ಪೆ. ನಿನ್ನಬ್ಬಿ ಉಪ್ಪ್ ಹಾಕುದೇ ಬಿಟ್ಟಿತ್. ಮಳಿಗಾಲಕ್ಕೆ ಹುಳ ಬೀಳತ್ತ್, ಊರೆಲ್ಲ ಉಗಿತ್ರ್. ನಂಗೆ ಅದ್ರದ್ದೇ ಚಿಂತಿ. ಹೇಳುಕೂ ಆತಿಲ್ಲೆ, ಬಿಡುಕೂ ಆತಿಲ್ಲೆ."

"ಎರಡ್ ತಿಂಗ್ಳಿಂದ," ಎಂದಳು ಶ್ರೀಲತಾ. ಇವತ್ತೊಂದೇ ದಿನ ಎಂದವನು ತನ್ನ ಬಲೆಗೆ ತಾನೇ ಬಿದ್ದಿದ್ದ.

ಅಜಿತ ವಾತಾವರಣ ತಿಳಿ ಮಾಡಲು ಎದ್ದ. ಶೆಡ್ಡಿಗೆ ಹೋಗಿ ಒಂದು ಬಂಗುಡೆ ತಂದು, ಒಲೆಯಲ್ಲಿ ಸುಟ್ಟು, ಎಲೆಯ ಮೇಲೆ ಇಟ್ಟ. ಶ್ರೀಲತಾ ಚೂರು ಬಾಯಿಗೆ ಹಾಕಿ, "ಉಪ್ಪ್ ಸಮಾ ಇತ್ತಲೆ" ಎಂದಳು. ಕುಷ್ಟ ನಂಬಲಿಲ್ಲ. ತಾನೂ ಒಂದು ಚೂರು ಮುರಿದ. ನಾಲಿಗೆಗೆ ಉಪ್ಪು ಚುರ್ ಎಂದು ಹಿಡಿಯಿತು, ಕಣ್ಣಲ್ಲಿ ನೀರು ಬಂತು. ದುಗ್ಗಪ್ಪನ ನಾಲಿಗೆ ಸತ್ತಿರಲಿಲ್ಲ.

"ಇದ್ ಎಲ್ಲಿಂದ ತಂದದ್ದ್?"

"ಒಳಗಿನ್ ದೊಡ್ ಬುಟ್ಟಿಯಿಂದ ಮಾವ."

"ಬಾಗ್ಲ್ ಹತ್ರದ್ ಸಣ್ ಬುಟ್ಟಿಯಂಗಿಪ್ಪುದ್ ತಾ."

ಅಜಿತ ಮತ್ತೆ ಏಳುವ ಮೊದಲೇ ಗಿರಿಜಾ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಸಣ್ ಬುಟ್ಟಿಯದ್ದ್ ಮಾರುಕಲ್ಲ," ಎಂದಳು.

ಗಿರಿಜಾ ಹೊಸ್ತಿಲ ಮೇಲೆ ಕೂತಳು. ಅವಸರವಿಲ್ಲದೆ, ಮೀನಿನ ಲೆಕ್ಕ ಹೇಳುವ ದನಿಯಲ್ಲೇ ಹೇಳಿದಳು. ಉಪ್ಪು ಹಾಕಿ ಒಣಗಿಸಿದ ಬಂಗುಡೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸುವುದು, ನೀರು ಬದಲಿಸಿ ಮೂರು ಸಲ ತೊಳೆಯುವುದು, ಮತ್ತೆ ಎರಡು ಬಿಸಿಲಿಗೆ ಹಾಕುವುದು, ಬಾಗಿಲ ಹತ್ತಿರವೇ ಇಡುವುದು. ದೂರ ಇಟ್ಟರೆ ನಾಲ್ಕು ನಿಮಿಷದಲ್ಲಿ ಮಂಡಿನೋವಿನ ಮನುಷ್ಯನಿಗೆ ಕಷ್ಟ.

"ಅಮ್ಮ, ನಿಂಗ್ ಗೊತ್ತಿತ್ತಾ?"

"ಕ್ಯಾಮೆರಾದೊಳಗ್ ಒಂದ್ ಸಣ್ ಕಾರ್ಡ್ ಇತ್ತ್ ಅಲ್ದಾ. ನೆಟ್ ಇಲ್ದಿದ್ರೂ ಅದ್ರಂಗೆ ಎಲ್ಲ ಉಳಿತ್ತ್ ಅಂದೇಳಿ ಅಜಿತನೇ ಹೇಳದ್ದ್. ನೀನ್ ನೆಟ್ಟ್ ಕಂಡೆ, ಕಾರ್ಡ್ ಕಂಡಿಲ್ಲೆ. ಮೀನ್ ಕದ್ಕಂಡ್ ಹೋಪ ಬೆಕ್ಕ್ ಯಾವ್ದ್ ಕಾಂಬ ಅಂದೇಳಿ ಫೋನಂಗೆ ಕಂಡೆ. ಬೆಕ್ಕಿಗೆ ಎರಡೇ ಕಾಲ್ ಇದ್ದಿತ್."

ಅಜಿತ ನಗು ತಡೆಯಲಾರದೆ ಅಂಗಳಕ್ಕೆ ಇಳಿದ. ಕುಷ್ಟನಿಗೆ, ಪೊರಕೆ ಹಿಡಿದು ನಾಲಿಗೆ ತೋರಿಸಿದ್ದು ನೆನಪಾಯಿತು.

"ಡಾಕ್ಟ್ರ ಹತ್ರ ಕೇಂಡೇ ಕೊಟ್ಟದ್ದ್," ಎಂದಳು ಗಿರಿಜಾ ಮಗಳಿಗೆ. "ಉಪ್ಪ್ ಬಿಡ್ಸಿದ್ ಮೀನ್ ದಿನಕ್ಕ್ ಒಂದಾರೆ ಅಡ್ಡಿಲ್ಲೆ ಅಂದ್ರ್."

"ಹಂಗಾರೆ ಬಟ್ಲಿಗ್ ಹಾಕಿ ಕೊಡ್ಲಕ್ಕಿತ್ತಲೆ, ಈ ನಾಟ್ಕ ಎಂತಕ್ಕೆ?"

"ಕೊಟ್ರೆ ತಿಂತಿರ್ಲಿಲ್ಲೆ ಮಗಾ. ಕೊಟ್ಟದ್ದನ್ನ ಒಂದ್ ತಿಂಗ್ಳ್ ದೂಡಿದ್ರ್. ಕದ್ರೆ ತಿಂತ್ರ್." ಗಿರಿಜಾ ಎದ್ದಳು. "ಹೊಟ್ಟಿಗ್ ಹೋಪುದ್ ಮುಖ್ಯ."

ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ಹಿರಿಯರು ಹೇಳಿದ್ದಾರೆ. ಉಪ್ಪನ್ನೇ ತಿನ್ನದೆ ಸಿಕ್ಕಿಬಿದ್ದ ಕಳ್ಳನಿಗೆ ಏನು ಕುಡಿಸಬೇಕೆಂದು ಯಾರೂ ಹೇಳಿಲ್ಲ. ಕುಷ್ಟ ಆ ರಾತ್ರಿ ಯಾರ ಮುಖವನ್ನೂ ನೋಡಲಿಲ್ಲ. ಅವನಿಗೆ ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು, ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿಯೂ ಉಕ್ಕಿತ್ತು. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಮಲಗುವುದು ಸುಲಭವಲ್ಲ. ಎರಡು ತಿಂಗಳು ತಾನು ಮೋಸ ಮಾಡಿ ಗೆದ್ದೆ ಎಂದುಕೊಂಡದ್ದು, ಅವಳು ತೊಳೆದು ಒಣಗಿಸಿ ಬಾಗಿಲಲ್ಲಿ ಇಟ್ಟದ್ದಾಗಿತ್ತು. ಇನ್ನು ಆ ಶೆಡ್ಡಿಗೆ ಕಾಲಿಡುವುದಿಲ್ಲ, ಉಪ್ಪಿಲ್ಲದ ಸಾರನ್ನೇ ಉಣ್ಣುತ್ತೇನೆ ಎಂದು ತೀರ್ಮಾನಿಸಿದ.

ಮರುದಿನ ಹತ್ತೂಮುಕ್ಕಾಲಕ್ಕೆ ಜಗಲಿಯ ಬೆಂಚಿನ ಮೇಲೆ ಕೈಕಟ್ಟಿ ಕೂತ. ಐಸ್ ಪ್ಲಾಂಟಿಗೆ ಅಂದು ರಿಪೇರಿ, ಮೋಟಾರು ಬೆಳಿಗ್ಗೆಯಿಂದ ಬಿಚ್ಚಿ ಬಿದ್ದಿತ್ತು. ಹನ್ನೊಂದಾಯಿತು. ತಲೆಯ ಮೇಲಿನ ಫ್ಯಾನು ಒಮ್ಮೆ ಸುಸ್ತಾಗಿ, ಮತ್ತೆ ತಿರುಗಿತು.

ಕುಷ್ಟ ಫ್ಯಾನನ್ನು ನೋಡಿದ. ತನ್ನ ಕಟ್ಟಿದ ಕೈಗಳನ್ನು ನೋಡಿದ. ಎದ್ದು ಮನೆಯ ಸುತ್ತು ಹಾಕಿ ಹಿಂದಕ್ಕೆ ಹೋದ. ಬಚ್ಚಲ ಗೋಡೆ, ಮೈನ್ ಸ್ವಿಚ್ಚು, ಅದರ ಕೆಳಗೆ ಗಿರಿಜಾ. ತಲೆಯ ಮೇಲೆ ಬುಟ್ಟಿ, ಎತ್ತಿದ ಕೈ ಇನ್ನೂ ಪೂರ್ತಿ ಕೆಳಗೆ ಬಂದಿರಲಿಲ್ಲ. ಮಂಡಿ ನೋಯುತ್ತಿದ್ದ ದಿನಗಳು, ಬೇಡ ಎಂದು ಕೂತ ದಿನಗಳು ಎಲ್ಲ ಅವನಿಗೆ ಒಂದೊಂದಾಗಿ ನೆನಪಾದವು.

"ಕರೆಂಟ್ ಹೋಯ್ತ್ ಕಂಡ್ರ್ಯಾ?" ಎಂದಳು ಗಿರಿಜಾ.

"ಹೌದ್," ಎಂದ ಕುಷ್ಟ. "ಐಸ್ ಪ್ಲಾಂಟಿನವ್ರ್ ಆಯ್ಕ್."

"ಅವ್ರೇ," ಎಂದು ಅವಳು ತಿರುವಿನಲ್ಲಿ ಮರೆಯಾದಳು.

ಅಜಿತನ ಡಬ್ಬಿ ಕೆಲಸ ಮಾಡುತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ನೀಲಿ ದೀಪ ನೀಲಿಯಾಗಿಯೇ ಇತ್ತು. ಬ್ರಹ್ಮಾವರದ ಸೊಸೈಟಿಯಲ್ಲಿ ಒಂದು ಫೋನು ಕುಂಯ್ ಎಂದಿರಬೇಕು. ಕುಷ್ಟ ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ಕಾದ. ದನಿ ಬರಲಿಲ್ಲ. ಸಣ್ಣ ಬುಟ್ಟಿಗೆ ಕೈ ಹಾಕಿ, ಮಗಳಿಗೆ ಕಾಣುವ ಹಾಗೆ ಒಂದೇ ಒಂದು ಬಂಗುಡೆ ಎತ್ತಿ ತೋರಿಸಿ, ತಿರುಗಿ ಹೊರಟ.

"ಅಪ್ಪಯ್ಯ," ಎಂದಿತು ದೈವ ಹಿಂದಿನಿಂದ.

ಕುಷ್ಟ ನಿಂತ.

"ಬಾಗ್ಲ್ ಹಾಯ್ಕಂಡ್ ಹೋಯ್ನಿ. ಬೆಕ್ಕ್ ಬತ್ತ್."